ಪಾಪು ಅವಸರದಲ್ಲಿ ಹುಟ್ಟಬೇಕಿಲ್ಲ ಅಮ್ಮ

ಬೆಲ್ವ್ಯೂ, 8 ಫೆಬ್ರವರಿ 2025

ಅಪ್ಪ, ಅಮ್ಮ,

ನಾವಿಬ್ಬರೂ ಚೆನ್ನಾಗಿದ್ದೇವೆ. ಚಳಿ ಇದೆ, ಅಷ್ಟೇ. ಅಜ್ಜಿಯ ಮಂಡಿನೋವು ಹೇಗಿದೆ?

ಅಮ್ಮ, ನಿನ್ನ ಏಳು ನಿಮಿಷದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಫೋನ್ ಮಾಡಿದರೆ ನೀನು ಅಳುತ್ತೀಯ, ಆಮೇಲೆ ನಾನೂ ಶುರು ಮಾಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ, ನೀವೇ ಓದಿ ಹೇಳಿ. ಫೆಬ್ರವರಿ 19 ಕಳೆದ ಮೇಲೆ ಹುಟ್ಟಿದರೆ ಮಗುವಿಗೆ ಅಮೆರಿಕದ ನಾಗರಿಕತ್ವ ಸಿಗಲ್ಲ, ಅದಕ್ಕೆ ಮೊದಲೇ ಸಿಸೇರಿಯನ್ ಮಾಡಿಸಿಕೋ ಅಂತ ಟಿವಿ ನೋಡಿ ಹೇಳಿದ್ದೀಯ. ಮೊದಲು ಮುಖ್ಯವಾದದ್ದು. 19ರೊಳಗೆ ಆಪರೇಷನ್ ಮಾಡಿಸಿಕೊಳ್ಳುವ ಮಾತೇ ಇಲ್ಲ. ನನಗೆ ಕೊಟ್ಟಿರುವ ಡೇಟ್ ಮಾರ್ಚ್ 28. ಐದು ವಾರ ಮೊದಲೇ ಮಗುವನ್ನು ಎಳೆದು ತೆಗೆಸಿಕೊಳ್ಳಬೇಕಾ? ಎಂಟು ತಿಂಗಳ ಕೂಸಿನ ಬಗ್ಗೆ ಅಜ್ಜಿ ಏನು ಹೇಳುತ್ತಾರೆ ಅಂತ ನಿನಗೇ ಗೊತ್ತು. ಟಿವಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಕೆಲವರು ಡಾಕ್ಟರ್ ಹತ್ತಿರ ಹೋಗಿ ಹಾಗೆ ಕೇಳಿದ್ದಾರಂತೆ. ನಾವು ಕೇಳಿಲ್ಲ. ಸರಿ, ಕೇಳಿದೆವು, ಒಂದೇ ಸಲ, ಸುಮ್ನೆ. ಅವರು ತಲೆ ಅಲ್ಲಾಡಿಸಿ ನನ್ನ ಬಿಪಿ ನೋಡಿದರು. ಬಿಪಿ ನಾರ್ಮಲ್.

ಆಗಿದ್ದು ಇಷ್ಟು. ಜನವರಿ 20ಕ್ಕೆ, ಪ್ರಮಾಣವಚನ ತೆಗೆದುಕೊಂಡ ದಿನವೇ, ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ತಾಯಿ ನಮ್ಮ ಥರ ವೀಸಾದಲ್ಲಿದ್ದು, ತಂದೆ ಇಲ್ಲಿನ ನಾಗರಿಕನೂ ಅಲ್ಲ, ಕಾಯಂ ಇರಲು ಕೊಡುವ ಗ್ರೀನ್ ಕಾರ್ಡೂ ಇಲ್ಲ ಅಂತಾದರೆ, ಮೂವತ್ತು ದಿನದ ನಂತರ ಇಲ್ಲಿ ಹುಟ್ಟುವ ಮಗು ಅಮೆರಿಕದ ನಾಗರಿಕ ಅಲ್ಲ ಅಂತ. ನಾವಿಬ್ಬರೂ ಎಚ್-ಒನ್-ಬಿ ಅನ್ನೋ ಕೆಲಸದ ವೀಸಾದವರು, ಅಂದರೆ ನಮ್ಮ ಪಾಪು ನೇರವಾಗಿ ಅದರೊಳಗೆ ಬರುತ್ತೆ. ಆದರೆ ಮೂರನೇ ದಿನಕ್ಕೇ ಇಲ್ಲಿ ಸಿಯಾಟಲ್ ಕೋರ್ಟು ಅದನ್ನು ತಡೆದಿದೆ. ಈ ಬುಧವಾರ ಮೇರಿಲ್ಯಾಂಡ್‌ನಲ್ಲಿ ಇನ್ನೊಬ್ಬ ಜಡ್ಜ್, ಗುರುವಾರ ಮತ್ತೆ ಸಿಯಾಟಲ್‌ನವರೇ, ಕೇಸ್ ನಡೆಯುವಷ್ಟು ದಿನ ಜಾರಿ ಮಾಡುವಂತಿಲ್ಲ ಅಂದಿದ್ದಾರೆ. ಅಪ್ಪ, ನಿಮ್ಮ ಕೋರ್ಟಿನ ಭಾಷೆಯಲ್ಲಿ ಸ್ಟೇ ಸಿಕ್ಕಿದೆ.

ಅಷ್ಟು ದೊಡ್ಡ ಮನುಷ್ಯನ ಸಹಿಗೆ ಸ್ಟೇ ಹೇಗೆ ಅಂತ ಅಮ್ಮ ಕೇಳಿದ್ದಾಳೆ. ನಮ್ಮ ಜಂಟಿ ಖಾತೆ ತೋಟ ಇಲ್ವಾ ಅಮ್ಮ, ದೊಡ್ಡಪ್ಪ ಒಬ್ಬರೇ ಸಹಿ ಹಾಕಿ ಮಾರಲು ಹೋಗಿ ಏನಾಯಿತು? ಇದೂ ಹಾಗೇ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರಿಗೆ ರಾಜನ ಕಾಟ ಸಾಕಾಗಿತ್ತು, ಅದಕ್ಕೇ ಅಧಿಕಾರವನ್ನು ಮೂರು ಪಾಲು ಮಾಡಿದರು. ಕಾನೂನು ಮಾಡೋದು ಕಾಂಗ್ರೆಸ್ (ಇಲ್ಲಿನ ಸಂಸತ್ತು, ಪಾರ್ಟಿ ಅಲ್ಲ), ನಡೆಸೋದು ಅಧ್ಯಕ್ಷ, ಸಂವಿಧಾನಕ್ಕೆ ಸರಿಹೊಂದುತ್ತಾ ಅಂತ ನೋಡೋದು ಕೋರ್ಟು. ನಮ್ಮ ಪ್ರಧಾನಿಯ ಹಾಗೆ ಇಲ್ಲಿನ ಅಧ್ಯಕ್ಷ ಸದನದಲ್ಲಿ ಕೂರೋದೇ ಇಲ್ಲ. ಇನ್ನೂ ಮಜಾ ಅಂದರೆ ಸಿಯಾಟಲ್‌ನಲ್ಲಿ ಕೇಸ್ ಹಾಕಿದ್ದು ನಮ್ಮ ವಾಷಿಂಗ್ಟನ್ ರಾಜ್ಯವೇ, ಜೊತೆಗೆ ಇನ್ನು ಮೂರು ರಾಜ್ಯಗಳು. ಇಲ್ಲಿ ರಾಜ್ಯಗಳಿಗೆ ಜಂಬ ಜಾಸ್ತಿ. ಪಕ್ಕದ ಆರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ, ನಮ್ಮಲ್ಲಿ ನೂರಕ್ಕೆ ಹತ್ತರಷ್ಟು. ವಯೋಮಿಂಗ್ ಅಂತ ಒಂದು ರಾಜ್ಯ, ಜನ ನಮ್ಮ ಹಾಸನ ಜಿಲ್ಲೆಯ ಅರ್ಧವೂ ಇಲ್ಲ, ಆದರೂ ಕ್ಯಾಲಿಫೋರ್ನಿಯಾದಷ್ಟೇ, ಸೆನೆಟ್ ಅಂದರೆ ಮೇಲ್ಮನೆಯಲ್ಲಿ ಎರಡು ಸೀಟು!

ಅಪ್ಪ, ಸಿಯಾಟಲ್‌ನ ಆ ಜಡ್ಜ್ ಜಾನ್ ಕಫೆನೂರ್‌ಗೆ 83 ವರ್ಷ. 1981ರಲ್ಲಿ ನೇಮಕ ಮಾಡಿದ್ದು ರೇಗನ್, ಅಂದರೆ ಟ್ರಂಪ್ ಪಾರ್ಟಿಯವರೇ. ಇಷ್ಟು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಕೇಸ್ ನೋಡಿದ ನೆನಪಿಲ್ಲ ಅಂತ ಕೋರ್ಟಿನಲ್ಲೇ ಅಂದರು. ಇಲ್ಲಿ ಕೇಂದ್ರದ ಜಡ್ಜ್‌ಗಳಿಗೆ ನಿವೃತ್ತಿ ವಯಸ್ಸೇ ಇಲ್ಲ, ಅಧ್ಯಕ್ಷರು ತೆಗೆಯೋಕೂ ಆಗಲ್ಲ. ನಿಮ್ಮನ್ನು ಅರವತ್ತಕ್ಕೇ ಹಾರ ಹಾಕಿ ಮನೆಗೆ ಕಳಿಸಿದರು, ಇಲ್ಲಿ ಆಗಿದ್ದರೆ ಜಡ್ಜ್ ಸಾಹೇಬರೂ ಅವರ ಶಿರಸ್ತೇದಾರರೂ ಒಟ್ಟಿಗೆ ಮುದುಕರಾಗಬಹುದಿತ್ತು.

ಹುಟ್ಟಿದರೆ ನಾಗರಿಕತ್ವ ಅನ್ನೋದು ಸಂವಿಧಾನದ 14ನೇ ತಿದ್ದುಪಡಿಯಲ್ಲಿದೆ, 1868ರದ್ದು. ಗುಲಾಮರಾಗಿದ್ದ ಕಪ್ಪು ಜನ ನಾಗರಿಕರೇ ಅಲ್ಲ ಅಂತ 1857ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತ್ತು, ಅದನ್ನು ಅಳಿಸಲು ತಂದದ್ದು. ಅದನ್ನು ಬದಲಿಸಬೇಕಾದರೆ ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಮೇಲೆ 50ರಲ್ಲಿ 38 ರಾಜ್ಯ ಒಪ್ಪಬೇಕು. ಇಷ್ಟು ವರ್ಷದಲ್ಲಿ ಆಗಿರೋದು 27 ತಿದ್ದುಪಡಿ. ಇಂಡಿಯಾದಲ್ಲಿ 75 ವರ್ಷಕ್ಕೇ ನೂರು ದಾಟಿದೆ.

(ಅಪ್ಪ, ಇದೊಂದು ನಿಮಗೆ ಮಾತ್ರ, ಗಟ್ಟಿಯಾಗಿ ಓದಬೇಡಿ. ಆ ತಿದ್ದುಪಡಿಯಲ್ಲಿ ಇಲ್ಲಿ ಹುಟ್ಟಿ 'ಇದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟ' ಎಲ್ಲರೂ ಅಂತಿದೆ. ಜಗಳವೆಲ್ಲ ಆ ನಡುವಿನ ಮಾತಿನ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಅಪ್ಪ ಅಮ್ಮನಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅನ್ನುವ ಅಡುಗೆಯವ ಚೀನಾಕ್ಕೆ ಹೋಗಿ ವಾಪಸ್ ಬಂದಾಗ, ನೀನು ನಾಗರಿಕ ಅಲ್ಲ ಅಂತ ಒಳಗೆ ಬಿಡಲಿಲ್ಲ, 1898ರಲ್ಲಿ ಸುಪ್ರೀಂ ಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅವನ ಅಪ್ಪ ಅಮ್ಮ ಇಲ್ಲೇ ನೆಲೆಸಿದ್ದವರು, ವೀಸಾದವರ ಕಥೆ ಬೇರೆ ಅನ್ನೋದು ಈಗ ಸರ್ಕಾರದ ವಾದ. ಮೇಲ್ಮನವಿಗಂತೂ ಹೋಗಿಯೇ ಹೋಗುತ್ತಾರೆ, ಕೊನೆಗೆ ಸುಪ್ರೀಂ ಕೋರ್ಟಿನ ಆ ಒಂಬತ್ತು ಜಡ್ಜ್‌ಗಳ ಮುಂದೆ ಬರುತ್ತೆ. ನನಗೆ ರಾತ್ರಿ ನಿದ್ದೆ ಸ್ವಲ್ಪ ಕಮ್ಮಿ, ಆದರೆ ಅದು ಹೊಟ್ಟೆ ದೊಡ್ಡದಾಗಿರೋದಕ್ಕೆ.)

ಹಾಗಾಗಿ ಅಮ್ಮ, ಏನೂ ಚಿಂತೆ ಇಲ್ಲ. ನಿಜವಾಗಲೂ ಇಲ್ಲ. ಒಂದು ವೇಳೆ ಏನಾದರೂ ಆದರೂ ಪಾಪುವಿಗೆ ನಮ್ಮ ಪಾಸ್‌ಪೋರ್ಟ್ ಸಿಗುತ್ತೆ, ಅದೇನು ಕೆಟ್ಟದ್ದಾ? ಕೃಷ್ಣ ಆಗಲೇ ಇಂಡಿಯನ್ ಕಾನ್ಸುಲೇಟಿನ ಫಾರಂ ಓದಿಟ್ಟಿದ್ದಾನೆ, ಸುಮ್ನೆ ಇರಲಿ ಅಂತ. ನೀನು ಟಿಕೆಟ್ ಕ್ಯಾನ್ಸಲ್ ಮಾಡಬೇಡ. ಬಾಣಂತಿ ಲೇಹ್ಯ ಹ್ಯಾಂಡ್ ಲಗೇಜಲ್ಲಿ ಇಡಬೇಡ, ಚೆಕ್-ಇನ್‌ಗೆ ಹಾಕು. ಸಾರಿನ ಪುಡಿ ಎರಡು ಕೇಜಿ ಸಾಕು. ಟಿವಿ ಮಾತ್ರ ಆಫ್ ಮಾಡು, ದಮ್ಮಯ್ಯ.

ಕೃಷ್ಣ ಕಾರ್ ತೆಗೆದಾಯಿತು, ಸ್ಕ್ಯಾನಿಂಗ್‌ಗೆ ಹೋಗಬೇಕು, ಮಾಮೂಲಿ ಸ್ಕ್ಯಾನಿಂಗ್ ಅಮ್ಮ, ಗಾಬರಿ ಆಗಬೇಡ. ರಾತ್ರಿ ಫೋನ್ ಮಾಡುತ್ತೇನೆ.

ನಿಮ್ಮ
ಪುಟ್ಟಿ