ಮಗಳಿಗೊಂದು ಪತ್ರ: ಟೋಕನ್ ಕೊಟ್ಟ ಮೇಲೆ

ಉಡುಪಿ
ಭಾನುವಾರ

ಪ್ರೀತಿಯ ಮಗಳಿಗೆ,

"ಅಮ್ಮಾ, ಫ್ಲ್ಯಾಟ್ ಆಯ್ತು" ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆದದ್ದು ಬರೀ ಮಾತು. ಮಂಗಳೂರಿನ ಆ ಫ್ಲ್ಯಾಟನ್ನು 62 ಲಕ್ಷಕ್ಕೆ ಕೊಡಲು ಮಾಲಕರು ಒಪ್ಪಿದ್ದಾರೆ, ಮಾತು ನಿಲ್ಲಲಿ ಎಂದು ನೀನು ಒಂದು ಲಕ್ಷ ಟೋಕನ್ ಕಳಿಸಿದ್ದೀ, ಅಷ್ಟೆ. ರಿಜಿಸ್ಟ್ರೇಷನ್ ಆಗಲು ಇನ್ನೂ ಎರಡು ಮೂರು ತಿಂಗಳು ಬೇಕಾದೀತು. ಅಲ್ಲಿಯವರೆಗೆ ಕಾಗದ ಮುಂದೆ, ದುಡ್ಡು ಹಿಂದೆ. ಪ್ರತಿ ಕಂತು ಕೊಡುವ ಮೊದಲು ಅದಕ್ಕೆ ತಕ್ಕ ಒಂದು ಕಾಗದ ನಿನ್ನ ಕೈಗೆ ಬಂದಿರಬೇಕು.

ಮೊದಲು ಆ ಟೋಕನಿನ ರಶೀದಿ. ವಾಟ್ಸ್ಆ್ಯಪ್‌ನಲ್ಲಿ ಬಂದ "ಓಕೆ" ರಶೀದಿಯಲ್ಲ. ಫ್ಲ್ಯಾಟ್ ನಂಬರ್, ಒಟ್ಟು ಬೆಲೆ, ಮಾಲಕರಿಬ್ಬರ ಹೆಸರು, ದಾಖಲೆಯಲ್ಲಿ ದೋಷ ಕಂಡರೆ ಪೂರ್ತಿ ವಾಪಸ್ ಎಂಬ ಒಂದು ಸಾಲು, ಇಷ್ಟು ಬರೆಸಿ ಸಹಿ ತೆಗೆದುಕೋ. ಬ್ರೋಕರ್ ಸಹಿ ಮಾಡಿದರೆ ಪ್ರಯೋಜನವಿಲ್ಲ, ಮಾಲಕರದ್ದೇ ಬೇಕು. ಇನ್ನು ಮುಂದೆ ನಗದು ಕೊಡಲೇಬೇಡ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡವಿದೆ. "ಅರ್ಧ ವೈಟ್, ಅರ್ಧ ಬ್ಲ್ಯಾಕ್" ಎಂದು ಯಾರಾದರೂ ಶುರುಮಾಡಿದರೆ ಅಲ್ಲಿಗೇ ನಿಲ್ಲಿಸು. ಕಾಗದದಲ್ಲಿ ಕಾಣದ ದುಡ್ಡಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ, ನಾಳೆ ಜಗಳವಾದರೆ ಕೋರ್ಟಿನಲ್ಲಿ ಕೇಳುವುದಕ್ಕೂ ಆಗುವುದಿಲ್ಲ.

ಆಮೇಲೆ ವಕೀಲರು. ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡುತ್ತಾರಲ್ಲ ಎಂದು ಸುಮ್ಮನಿರಬೇಡ. ಅವರು ಬ್ಯಾಂಕಿನ ಸಾಲಕ್ಕೆ ಭದ್ರತೆ ಉಂಟೇ ಎಂದು ನೋಡುವವರು. ನಿನ್ನ ಪರ ನೋಡುವವರು ಬೇರೆ ಇರಲಿ. ಅವರಿಗೆ ಕನಿಷ್ಠ 30 ವರ್ಷದ ಕಾಗದ ಕೊಡಬೇಕು: ಮೂಲಪತ್ರ, ನಡುವಿನ ಕ್ರಯಪತ್ರಗಳು, ಪಾಲುಪಟ್ಟಿ ಅಥವಾ ವೀಲುನಾಮೆ ಇದ್ದರೆ ಅದು, ಭೂಪರಿವರ್ತನೆ ಆದೇಶ, ಮಂಜೂರಾದ ಕಟ್ಟಡ ನಕ್ಷೆ, ಕಟ್ಟಡ ಪೂರ್ಣಗೊಂಡ ಪತ್ರ, ಇ-ಖಾತಾ, ಈ ವರ್ಷದ ತೆರಿಗೆ ರಶೀದಿ, ಇ.ಸಿ. (ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ). ಡೋರ್ ನಂಬರ್ ತಾತ್ಕಾಲಿಕವೋ ಕಾಯಂ ಆದದ್ದೋ ಎಂದು ಬಾಯಿಬಿಟ್ಟು ಕೇಳು. ತಾತ್ಕಾಲಿಕ ನಂಬರಿನ ಮೇಲೆ ಜನ ವರ್ಷಗಟ್ಟಲೆ ವಾಸವಿರುತ್ತಾರೆ. ಅದರ ಬಿಸಿ ತಟ್ಟುವುದು ಸಾಲ ಕೇಳುವಾಗ, ಮಾರುವಾಗ.

ಇ.ಸಿ. ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀನು ಯಾವ ವಿವರ ಕೊಟ್ಟು ಹುಡುಕುತ್ತೀಯೋ ಅದಕ್ಕೆ ಮಾತ್ರ ಉತ್ತರ ಬರುತ್ತದೆ. ಮಂಗಳೂರು ನಗರದ ಹಳೇ ಪತ್ರಗಳಲ್ಲಿ ಒಂದೇ ಜಾಗಕ್ಕೆ ಸರ್ವೆಯ ಆರ್.ಎಸ್. ನಂಬರ್ ಬೇರೆ, ಟೌನ್ ಸರ್ವೆಯ ಟಿ.ಎಸ್. ನಂಬರ್ ಬೇರೆ ಇರುತ್ತದೆ. ಜಾಗ ಒಡೆದಾಗ 45/2 ಇದ್ದದ್ದು 45/2ಎ1 ಆಗಿರುತ್ತದೆ. ನೀನು 45/2 ಎಂದಷ್ಟೇ ಹಾಕಿ ಹುಡುಕಿದರೆ "ಯಾವ ವ್ಯವಹಾರವೂ ಇಲ್ಲ" ಎಂಬ ಫಾರ್ಮ್ 16 ಬಂದೀತು. ಅದನ್ನು ನೋಡಿ ಖುಷಿಪಡಬೇಡ. ಮಾಲಕರು ಹತ್ತು ವರ್ಷದ ಹಿಂದೆ ಕೊಂಡ ಫ್ಲ್ಯಾಟ್ ಅದು, ಆ ಕ್ರಯವಾದರೂ ಪಟ್ಟಿಯಲ್ಲಿ ಕಾಣಲೇಬೇಕಲ್ಲ? ಕಾಣದಿದ್ದರೆ ಹುಡುಕಿದ್ದೇ ತಪ್ಪು. ವ್ಯವಹಾರಗಳ ಪಟ್ಟಿ ಇರುವ ಫಾರ್ಮ್ 15 ಬರಬೇಕು, ಅದರಲ್ಲಿ ಬಿಲ್ಡರ್ ಜಾಗ ಕೊಂಡದ್ದು, ಇವರು ಫ್ಲ್ಯಾಟ್ ಕೊಂಡದ್ದು, ಅಡವಿಟ್ಟದ್ದು, ಬಿಡಿಸಿದ್ದು ಒಂದರ ಹಿಂದೆ ಒಂದು ಕೂಡಿಬರಬೇಕು. ಅಡವು ಇದ್ದು ಬಿಡುಗಡೆ ಕಾಣದಿದ್ದರೆ ಆ ಸಾಲ ಇನ್ನೂ ಉಂಟು ಎಂದೇ ಲೆಕ್ಕ ಹಿಡಿ. ಜಾಗದ ಮೇಲೊಂದು, ಫ್ಲ್ಯಾಟಿನ ಮೇಲೊಂದು, ಎರಡು ಬಾರಿ ಇ.ಸಿ. ತೆಗೆಸು. ಕಂಪ್ಯೂಟರಿಗೆ ಬಾರದ ಹಳೇ ವರ್ಷಗಳದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಪುಸ್ತಕ ನೋಡಿಸಿಯೇ ಪಡೆಯಬೇಕು. ಕೋರ್ಟ್ ಕೇಸು ಮತ್ತು ರಿಜಿಸ್ಟರ್ ಆಗದ ಕರಾರು ಇ.ಸಿ.ಯಲ್ಲಿ ಕಾಣದೇ ಇರಬಹುದು. ಅದನ್ನು ವಕೀಲರು ಬೇರೆಯೇ ಹುಡುಕಬೇಕು.

ಕಟ್ಟಡದ ಅಡಿಯ ಜಾಗ ಎಲ್ಲಿಂದ ಬಂತು ಎನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ಬೇರೆ ಊರಿನ ಗೆಳತಿಯರಿಗೆ ಇದು ಗೊತ್ತಿರಲಿಕ್ಕಿಲ್ಲ. ಮೂಲಗೇಣಿ ಜಾಗವೇ? ಹಾಗಾದರೆ ಅದು ಶಾಶ್ವತ ಗೇಣಿ, ಮೂಲಿ ಹಕ್ಕು, ಅಂದರೆ ಜಾಗದ ಮೂಲ ಒಡೆತನ, ಇನ್ನೊಬ್ಬರದ್ದು. ಅದು ಬಗೆಹರಿದಿದೆಯೇ ಎಂದು ವಕೀಲರು ಬರೆದು ಹೇಳಬೇಕು. ಡಿಕ್ಲರೇಷನ್‌ನಲ್ಲಿ, ಅಂದರೆ ಭೂ ಸುಧಾರಣೆಯಲ್ಲಿ ಗೇಣಿದಾರರು ಅರ್ಜಿ ಹಾಕಿ ಪಡೆದದ್ದೇ? ಭೂ ನ್ಯಾಯಮಂಡಳಿಯ ಆದೇಶ ಮತ್ತು ಹಕ್ಕಿನ ಪ್ರಮಾಣಪತ್ರವಾದ ಫಾರ್ಮ್ 10 ಬೇಕು, ಮಾರಬಾರದೆಂಬ 15 ವರ್ಷದ ಅವಧಿ ಮುಗಿದ ಮೇಲೆಯೇ ಬಿಲ್ಡರಿಗೆ ಹೋಗಿದೆಯೇ ನೋಡಬೇಕು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನ ಕುಟುಂಬದ್ದಾದರೆ ಯಜಮಾನರೊಬ್ಬರ ಸಹಿ ಸಾಲದು, ಎಲ್ಲ ಕವರಿನವರೂ (ಕುಟುಂಬದ ಕವಲಿನವರೂ) ಪಾಲುಪಟ್ಟಿಗೆ ಸೇರಿರಬೇಕು. ಬಿಟ್ಟುಹೋದ ಒಬ್ಬ ಸೋದರ ಸೊಸೆ ಮುಂಬಯಿಯಿಂದ ನೋಟಿಸ್ ಕಳಿಸಿದರೆ ಮೇಲಿನ ಇಪ್ಪತ್ತು ಫ್ಲ್ಯಾಟಿನವರಿಗೂ ತಲೆನೋವು. ಪಾರ್ಕಿಂಗ್ ಜಾಗದಲ್ಲಿ ಒಂದೆರಡು ಸೆಂಟ್ಸ್ ಕುಮ್ಕಿ (ಕೃಷಿ ಜಮೀನಿಗೆ ತಾಗಿ ಬಳಕೆಗೆ ಬಿಟ್ಟ ಜಾಗ) ಸೇರಿಕೊಂಡಿದ್ದರೆ ಅದು ಸರಕಾರದ್ದು, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ.

ಇನ್ನು ನಿನ್ನ ವ್ಯವಹಾರದ ನಿಜವಾದ ಗಂಟು: ಮಾರುವ ಗಂಡ ಹೆಂಡತಿ ಇಬ್ಬರೂ ದುಬೈನಲ್ಲಿದ್ದಾರೆ, ಇಲ್ಲಿ ಸಹಿ ಮಾಡುವವರು ಅವರ ತಮ್ಮ. ಮಾರುವವರು ಇಲ್ಲೇ ಇದ್ದಿದ್ದರೆ 50 ಲಕ್ಷ ಅಥವಾ ಹೆಚ್ಚಿನ ಬೆಲೆಗೆ ಶೇ 1 ಟಿ.ಡಿ.ಎಸ್. (ಕೊಡುವ ಹಣದಿಂದಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ), ಅಂದರೆ 62 ಸಾವಿರ ಹಿಡಿದು ಕಟ್ಟಿದರೆ ಮುಗಿಯುತ್ತಿತ್ತು. ಅನಿವಾಸಿಗಳಾದ್ದರಿಂದ ಲೆಕ್ಕವೇ ಬೇರೆ. ಎರಡು ವರ್ಷಕ್ಕಿಂತ ಹಳೇ ಆಸ್ತಿಗೆ ಶೇ 12.5, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 13. ಸಮಪಾಲಾದರೆ ಒಬ್ಬೊಬ್ಬರ 31 ಲಕ್ಷದಿಂದ 4,03,000, ಇಬ್ಬರದ್ದೂ ಸೇರಿ 8,06,000. ತೆರಿಗೆ ಲಾಭದ ಮೇಲೆ ತಾನೇ, ಪೂರ್ತಿ ಬೆಲೆಯ ಮೇಲೆ ಯಾಕೆ ಹಿಡಿಯುತ್ತೀರಿ ಎಂದು ಅವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಅದಕ್ಕೆ ಅವರು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರಬೇಕು, ಅದು ಬರಲು ವಾರಗಳೇ ಬೇಕು. ಇವತ್ತೇ ಅರ್ಜಿ ಹಾಕಲು ಹೇಳು. ಅದು ಬಾರದೆ "ಶೇ 1 ಸಾಕು, ಎಲ್ಲರೂ ಹಾಗೇ ಮಾಡುವುದು" ಎಂಬ ಬ್ರೋಕರ್ ಮಾತು ಕೇಳಬೇಡ. ಕಡಿಮೆ ಹಿಡಿದರೆ ಬಾಕಿ ಮತ್ತು ಬಡ್ಡಿಗೆ ಇಲಾಖೆ ಹುಡುಕಿಕೊಂಡು ಬರುವುದು ನಿನ್ನನ್ನೇ, ಅವರು ದುಬೈನಲ್ಲಿ ಹಾಯಾಗಿರುತ್ತಾರೆ. ಕಡಿತ ಪ್ರತಿ ಕಂತಿಗೂ ಅನ್ವಯ, ಟೋಕನ್ನಿಗೂ. ಚಲನ್ ಕೆಲಸವನ್ನು ಸಿ.ಎ. ಒಬ್ಬರಿಂದಲೇ ಮಾಡಿಸು.

ತಮ್ಮನ ಕೈಲಿರುವ ಪವರ್ ಆಫ್ ಅಟಾರ್ನಿಯ ಮೂಲ ಪ್ರತಿ ನೋಡು, ಜೆರಾಕ್ಸ್ ಸಾಲದು. ದುಬೈನ ಭಾರತೀಯ ಕಾನ್ಸುಲೇಟ್‌ನ ಮುದ್ರೆ ಇರಬೇಕು, ಇಲ್ಲಿಗೆ ಬಂದ 3 ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಿರಬೇಕು, ಇದೇ ಫ್ಲ್ಯಾಟನ್ನು ಮಾರುವ, ಹಣ ಪಡೆಯುವ, ನೋಂದಣಿಗೆ ಹಾಜರಾಗುವ ಅಧಿಕಾರ ಸ್ಪಷ್ಟವಾಗಿ ಬರೆದಿರಬೇಕು. "ನೋಡಿಕೊಳ್ಳಲು, ಬಾಡಿಗೆಗೆ ಕೊಡಲು" ಎಂದಷ್ಟೇ ಇದ್ದರೆ ಅದರಿಂದ ಮಾರಲು ಬಾರದು. ಕೊಟ್ಟವರು ತೀರಿಕೊಂಡರೆ ಅದೂ ಅಲ್ಲಿಗೇ ಮುಗಿಯಿತು, ಹಾಗಾಗಿ ರಿಜಿಸ್ಟ್ರೇಷನ್ ದಿನ ಬೆಳಿಗ್ಗೆ ಇಬ್ಬರೊಡನೆಯೂ ವಿಡಿಯೊ ಕಾಲ್‌ನಲ್ಲಿ ಒಂದು ಮಾತಾಡು. ಹಣ ಹೋಗಬೇಕಾದ್ದು ಮಾಲಕರ ಎನ್.ಆರ್.ಒ. ಖಾತೆಗೆ (ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ), ತಮ್ಮನ ಖಾತೆಗಲ್ಲ.

ಇಷ್ಟು ನೋಡಿ ವಕೀಲರು ಲಿಖಿತ ಅಭಿಪ್ರಾಯ ಕೊಟ್ಟ ಮೇಲೆಯೇ ಕ್ರಯದ ಕರಾರು, ಶೇ 10 ಮುಂಗಡ. ಕರಾರಿನಲ್ಲಿ ಎರಡು ಷರತ್ತು ಬಿಡಬೇಡ: ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್, ದಾಖಲೆಯಲ್ಲಿ ದೋಷ ಕಂಡರೂ ವಾಪಸ್, ಎರಡಕ್ಕೂ ಇಷ್ಟು ದಿನದೊಳಗೆ ಎಂದು ನಮೂದಿಸು. ಕಾರ್ಪೆಟ್ ಏರಿಯಾ, ಪಾರ್ಕಿಂಗ್ ನಂಬರ್, ಜಾಗದಲ್ಲಿರುವ ಅವಿಭಾಜ್ಯ ಪಾಲು ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲೇ ಬರಲಿ. ಗೀಸರ್, ಫ್ಯಾನ್, ಅಡುಗೆಮನೆ ಕಪಾಟು ಬಿಟ್ಟುಹೋಗುತ್ತಾರೆಂದು ಬಾಯಲ್ಲಿ ಹೇಳಿದ್ದಾರಂತಲ್ಲ, ಅದನ್ನೂ ಪಟ್ಟಿಮಾಡಿಸು, ಕೊನೆಗೆ ಜಗಳ ಬರುವುದು ಗೀಸರಿಗೇ.

ಸಾಲದ ವಿಷಯ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಕೊಡುವುದು ಹೆಚ್ಚೆಂದರೆ ಬೆಲೆಯ ಶೇ 80, ಅಂದರೆ ನಿನಗೆ 49.6 ಲಕ್ಷ. ಆದರೆ ಅವರ ಎಂಜಿನಿಯರ್ ಫ್ಲ್ಯಾಟಿಗೆ 57 ಲಕ್ಷ ಎಂದು ಬರೆದರೆ ಲೆಕ್ಕ ಅದರ ಮೇಲೆಯೇ ನಡೆಯುತ್ತದೆ, ಸಾಲ 45.6ಕ್ಕೆ ಇಳಿಯುತ್ತದೆ, 4 ಲಕ್ಷ ನೀನು ಹೊಂದಿಸಬೇಕಾಗುತ್ತದೆ. ಶೇ 8.5 ಬಡ್ಡಿ, 20 ವರ್ಷವೆಂದರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ, ಒಟ್ಟು ಕಂತು 43 ಸಾವಿರದ ಸುಮಾರು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡವಿಲ್ಲ, ಬೋನಸ್ ಬಂದಾಗಲೆಲ್ಲ ಅಸಲಿಗೆ ಹಾಕು. ಸಾಲದ ಜೊತೆಗೆ ಜೀವವಿಮೆಯ ಒಂದೇ ಕಂತಿನ ದೊಡ್ಡ ಪ್ರೀಮಿಯಂ ಸೇರಿಸುತ್ತಾರೆ, ಸಹಿ ಹಾಕುವ ಮೊದಲು ಆ ಸಾಲು ಹುಡುಕು.

ಛಾಪಾ ಶುಲ್ಕ, ನೋಂದಣಿ ಶುಲ್ಕ ಈ ಸಾಲದಲ್ಲಿ ಬರುವುದಿಲ್ಲ. 62 ಲಕ್ಷಕ್ಕೆ ಛಾಪಾ ಶುಲ್ಕ ಶೇ 5, ಅಂದರೆ 3,10,000. ಅದರ ಮೇಲೆ ಶೇ 10 ಸೆಸ್ 31,000, ನಗರದ ಸರ್‌ಚಾರ್ಜ್ ಶೇ 2 ಎಂದರೆ 6,200. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ, ಅದು 1,24,000. ಒಟ್ಟು 4,71,200. ಸರಕಾರದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಲೆಕ್ಕ ಆ ದರದ ಮೇಲೆ. ನಿನ್ನ ಪಾಲಿನ 12.4 ಲಕ್ಷದ ಜೊತೆ ಇದನ್ನು ಕೂಡಿಸಿದರೆ ಕೈಯಲ್ಲಿ 17 ಲಕ್ಷದ ಮೇಲೆ ಬೇಕು. ವಕೀಲರ ಫೀಸು, ಬ್ರೋಕರ್ ಕಮಿಷನ್, ಬ್ಯಾಂಕಿನ ಖರ್ಚು ಬೇರೆ.

ಮನೆಯನ್ನು ನೀನು ನೋಡಿದ್ದು ಫೆಬ್ರವರಿಯಲ್ಲಿ. ಫೆಬ್ರವರಿಯಲ್ಲಿ ಮಂಗಳೂರಿನ ಎಲ್ಲ ಗೋಡೆಗಳೂ ಚಂದವೇ ಮಾರಾಯ್ತಿ. ಮಳೆಗಾಲದ ಆಟಿ ತಿಂಗಳಲ್ಲಿ ಶುಭಕಾರ್ಯ ಬೇಡ ಎನ್ನುತ್ತಾರೆ, ಮನೆ ನೋಡುವುದಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಈಗ ಮಳೆ ಹಿಡಿದಿದೆ, ಕರಾರಿಗೆ ಸಹಿ ಹಾಕುವ ಮೊದಲು ಇನ್ನೊಮ್ಮೆ ಹೋಗು, ಎರಡು ದಿನ ಬಿಡದೆ ಸುರಿದ ಮರುದಿನ. ಪಶ್ಚಿಮದ ಗೋಡೆಯ ಕಿಟಕಿಯ ಕೆಳಮೂಲೆಗೆ ಅಂಗೈ ಒತ್ತಿ ನೋಡು. ತಣ್ಣಗೆ ಜಿಗುಟಾಗಿದ್ದರೆ, ಪೈಂಟಿನ ಅಡಿಯಲ್ಲಿ ಉಪ್ಪಿನಂಥ ಬಿಳಿ ಪುಡಿ ಎದ್ದಿದ್ದರೆ ನೀರು ಒಳಗಿಂದಲೇ ಬರುತ್ತಿದೆ, ಪೈಂಟಿನಿಂದ ನಿಲ್ಲುವುದಿಲ್ಲ. ಬಚ್ಚಲಿನ ಮೇಲ್ಭಾಗ ನೋಡು, ಮೇಲಿನ ಮನೆಯವರ ಪೈಪು ಸೋರುತ್ತಿದ್ದರೆ ಕಲೆ ಅಲ್ಲಿ. ತಾರಸಿಗೆ ಹತ್ತು, ಶೀಟ್ ಹಾಕಿದ್ದರೆ ಅದರಡಿ ಹಳೇ ಬಿರುಕು ಮುಚ್ಚಿಹೋಗಿರುತ್ತದೆ. ಹಿಂದಿನ ತಡೆಗೋಡೆಯಲ್ಲಿ ನೀರು ಹೊರಬರಲು ಬಿಟ್ಟ ಪೈಪುಗಳಿಂದ ನೀರು ಬರುತ್ತಿರಬೇಕು. ಪೈಪು ಒಣಗಿ ಗೋಡೆ ಒದ್ದೆಯಾಗಿದ್ದರೆ ಒತ್ತಡ ಗೋಡೆಯ ಮೇಲೆ ಬೀಳುತ್ತಿದೆ ಎಂದರ್ಥ. ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ರೇಷನ್ ಆದಾಗ ಬಾವಿ, ಬೋರ್‌ವೆಲ್ ಎಷ್ಟು ದಿನ ಕೈಹಿಡಿಯುತ್ತದೆ ಎಂದು ವಾಚ್‌ಮನ್‌ನನ್ನು ಕೇಳು, ಸಂಘದ ಸೆಕ್ರೆಟರಿಗಿಂತ ಅವನಿಗೆ ಸರಿಯಾಗಿ ಗೊತ್ತಿರುತ್ತದೆ. ಮೈಂಟೆನೆನ್ಸ್ ಬಾಕಿ ಇಲ್ಲವೆಂಬ ಪತ್ರ ಮಾತ್ರ ಸೆಕ್ರೆಟರಿಯಿಂದಲೇ ಬೇಕು.

ರಿಜಿಸ್ಟ್ರೇಷನ್ನಿಗೆ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಾದರೂ ಆಗುತ್ತದೆ. ಕ್ರಯಪತ್ರದ ಕರಡನ್ನು ಕಾವೇರಿಯಲ್ಲಿ ಹಾಕಿ, ಕಚೇರಿಯವರು ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೋಗುವುದು. ಇಬ್ಬರು ಸಾಕ್ಷಿಗಳು, ಎಲ್ಲರ ಆಧಾರ್, ಪಾನ್. ಅಪ್ಪನ ಹೆಸರು, ಇನಿಷಿಯಲ್, ಸರ್ವೆ ನಂಬರ್, ಚಕ್ಕುಬಂದಿಯ ನಾಲ್ಕು ದಿಕ್ಕು, ಇವನ್ನು ಕರಡಿನಲ್ಲೇ ಬೆರಳಿಟ್ಟು ಓದು. ಪೂರ್ವ ಪಶ್ಚಿಮ ಅದಲುಬದಲಾದರೆ ತಿದ್ದುಪಡಿ ಪತ್ರಕ್ಕೆ ಮತ್ತೆ ಮಾರಿದವರೇ ಬರಬೇಕು, ಅವರಿರುವುದು ದುಬೈನಲ್ಲಿ. ಅವರ ಹಳೇ ಸಾಲ ಬಾಕಿ ಇದ್ದರೆ ಅಷ್ಟು ಮೊತ್ತದ ಡಿ.ಡಿ. ನೇರ ಆ ಸಾಲದ ಖಾತೆಗೆ ಹೋಗಲಿ. ಸರ್ವರ್ ಡೌನ್ ಆಗುವುದುಂಟು, ಮರುದಿನವೇ ಮನೆ ಒಕ್ಕಲು ಇಟ್ಟುಕೊಳ್ಳಬೇಡ. ಬೀಗದಕೈ ಅದೇ ದಿನ ಕೈಗೆ ಬರಲಿ, ಮೆಸ್ಕಾಂ ಮೀಟರಿನ ಓದು ಫೋಟೊ ತೆಗೆದುಕೋ.

ಅದಾದ ಮೇಲೆ ಇ-ಖಾತಾ ನಿನ್ನ ಹೆಸರಿಗೆ ಆಗಬೇಕು, ಆಮೇಲೆ ಕರೆಂಟು, ನೀರು, ಸಂಘ. ಮೂಲಪತ್ರಗಳನ್ನು ಬ್ಯಾಂಕಿಗೆ ಕೊಡುವಾಗ ಒಂದೊಂದರ ಹೆಸರು ಬರೆದ ಪಟ್ಟಿಗೆ ಅವರ ಸಹಿ, ಸೀಲು ತಪ್ಪದೆ ಪಡೆ. ಸಾಲ ತೀರಿದ 30 ದಿನದೊಳಗೆ ಅವನ್ನು ವಾಪಸ್ ಕೊಡಬೇಕು, ತಡ ಅವರದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಯಾವುದನ್ನು ಕೊಟ್ಟಿದ್ದೆ ಎಂದು ತೋರಿಸಲು ಆಗ ಆ ಪಟ್ಟಿಯೇ ಬೇಕು.

ಶನಿವಾರ ಬರುವಾಗ ಅವರ ಕ್ರಯಪತ್ರದ ಜೆರಾಕ್ಸ್ ಮತ್ತು ನೀನು ತೆಗೆಸಿದ ಇ.ಸಿ. ಎರಡನ್ನೂ ತಾ. ಷೆಡ್ಯೂಲ್ ಪುಟ ಬಿಟ್ಟು ಜೆರಾಕ್ಸ್ ಮಾಡಿಸಬೇಡ, ನನಗೆ ಮೊದಲು ನೋಡಬೇಕಾದ್ದು ಅದೇ.

ನಿನ್ನ
ಅಮ್ಮ