ಕರೆಂಟ್ ಹೋಗಿರಲಿಲ್ಲ

ಪುಷ್ಯ ಮಳೆ ಮತ್ತೆ ಬಂತು. ಹೋದ ವರ್ಷ ಇದೇ ಮಳೆಯಲ್ಲಿ ನನಗೆ ಎರಡೂವರೆ ದಿನ ಕಣ್ಣು ಕಾಣಿಸಿರಲಿಲ್ಲ. ಅದಾದ ಮೇಲೆ ಇವತ್ತಿನವರೆಗೂ ಮತ್ತೆ ಹಾಗಾಗಿಲ್ಲ. ಯಾರ್ಯಾರಿಗೆ ಥ್ಯಾಂಕ್ಸ್ ಹೇಳಬೇಕಿತ್ತೋ ಅವರೆಲ್ಲ ಪೇಟೆಯಲ್ಲಿ ಸಿಕ್ಕಾಗ "ಆರಾಮಿದೀನಿ ಮಾರಾಯಾ" ಅಂತ ಜಾರಿಕೊಂಡಿದ್ದೇನೆ. ಅದಕ್ಕೇ ಈ ಬರಹ.

ಬೆಳಿಗ್ಗೆ ಏಳು ಗಂಟೆ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿ. ಹೆಂಡತಿ ಕಾಫಿ ಲೋಟ ಕೈಗೆ ಕೊಟ್ಟಳು. ನಾನು ಅದನ್ನು ಪಕ್ಕದ ಕಟ್ಟೆ ಮೇಲೆ ಇಡಲು ಹೋಗಿ ಗಾಳಿಯಲ್ಲಿ ಬಿಟ್ಟೆ. ಲೋಟ ಬಿದ್ದ ಸದ್ದಿಗೆ ನಾನು ಕೇಳಿದ್ದು, "ಕರೆಂಟ್ ಹೋಯ್ತಾ?" ಮಳೆಗಾಲದಲ್ಲಿ ನಮ್ಮಲ್ಲಿ ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ, ಆದರೆ ಬೆಳಕು ಹರಿದ ಮೇಲೆ ಜಗಲಿಯಲ್ಲಿ ಕೂತು ಯಾರೂ ಕೇಳುವುದಿಲ್ಲ, ಅಲ್ವಾ? ಅವಳು ಮುಖದ ಮುಂದೆ ಕೈ ಆಡಿಸಿದಳಂತೆ, ನಾನು ರೆಪ್ಪೆ ಬಡಿಯಲಿಲ್ಲವಂತೆ. "ಕಾಣ್ತಿದೆಯಾ?" ಅಂದರೆ "ಕಾಣ್ದೆ ಏನು" ಅಂತ ರೇಗಿದೆನಂತೆ. ಈ ಕಥೆಯಲ್ಲಿ 'ಅಂತೆ'ಗಳೇ ಜಾಸ್ತಿ. ಅವತ್ತಿನದು ನನಗೆ ಅರ್ಧಂಬರ್ಧ ನೆನಪು.

ಮೊದಲ ಥ್ಯಾಂಕ್ಸ್ ಅವಳಿಗೇ. ಒಂದು ವಾರದಿಂದ ನಾನು ಹಗಲು ತೂಕಡಿಸಿ ರಾತ್ರಿ ಎದ್ದು ಕೂರುತ್ತಿದ್ದೆ. ಅಡಿಕೆ ಲೆಕ್ಕದಲ್ಲಿ ಸುಮ್ನೆ ಕೂಡುವುದೂ ತಪ್ಪುತ್ತಿತ್ತು. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತು. ಸಾಲದ್ದಕ್ಕೆ, ನಿದ್ದೆ ಬರಲಿ ಅಂತ ಯಾರೋ ಕೊಟ್ಟ ನಿದ್ದೆ ಮಾತ್ರೆಯನ್ನು ಡಾಕ್ಟರನ್ನೂ ಕೇಳದೆ ನುಂಗಿದ್ದೆ. ಇದೆಲ್ಲವನ್ನೂ ಅವಳು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ತಾರೀಕಿನ ಪಕ್ಕ ಗೀಚಿಟ್ಟಿದ್ದಳು. ಆಸ್ಪತ್ರೆಗೆ ಹೊರಡುವಾಗ ಆ ಹಾಳೆ ಹರಿದು ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಡಾಕ್ಟರು ಎಲ್ಲಕ್ಕಿಂತ ಮೊದಲು ಓದಿದ್ದು ಆ ಹಾಳೆಯನ್ನು.

ಮೊದಲು ಹೋಗಿದ್ದು ಕಣ್ಣಿನ ಡಾಕ್ಟರ ಹತ್ತಿರ. ಕಣ್ಣು ಕಾಣದಿದ್ದರೆ ಇನ್ನೆಲ್ಲಿಗೆ ಹೋಗುತ್ತಾರೆ? ಟಾರ್ಚ್ ಬಿಟ್ಟರೆ ಪಾಪೆ ಸರಿಯಾಗಿ ಕುಗ್ಗುತ್ತಿದೆ, ಒಳಗಿನ ಪರದೆ ಚೆನ್ನಾಗಿದೆ, ಆದರೂ ಎಷ್ಟು ಬೆರಳು ಅಂದರೆ ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೇನೆ. ಅಲ್ಲಿ ಒಬ್ಬರು "ಟೆನ್ಶನ್ನಿಗೆ ಹೀಗೆ ಮಾಡ್ತಾರೆ" ಅಂದದ್ದು ಹೆಂಡತಿಗೆ ಇನ್ನೂ ಮರೆತಿಲ್ಲ. ಆ ಡಾಕ್ಟರು ಮಾತ್ರ ಹಾಗೆ ಅನ್ನಲಿಲ್ಲ. "ಕಣ್ಣು ಸರಿ ಇದೆ, ತೊಂದರೆ ಮಿದುಳಲ್ಲಿ. ಇವತ್ತೇ ಶಿವಮೊಗ್ಗಕ್ಕೆ ಹೋಗಿ" ಅಂದರು. ಫೀಸು ಕೂಡ ತಗೊಳ್ಳಲಿಲ್ಲ. ಸರ್, ನಿಮಗೆ ಎರಡನೇ ಥ್ಯಾಂಕ್ಸ್.

ಪಕ್ಕದ ಮನೆಯವನು ಅಡಿಕೆ ತೋಟಕ್ಕೆ ಔಷಧಿ ಹೊಡೆಯುತ್ತಿದ್ದವನು ಹಾಗೇ ಬಂದ. ಮೈಮೇಲೆಲ್ಲ ಮೈಲುತುತ್ತದ ನೀಲಿ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಅಂತ ಆ ಅರವತ್ತು ಕಿಲೋಮೀಟರ್ ರಸ್ತೆಯನ್ನು ಆ ಮಳೆಯಲ್ಲಿ ಹೇಗೆ ಓಡಿಸಿದನೋ. ಡೀಸೆಲ್ ದುಡ್ಡು ಇವತ್ತಿಗೂ ಮುಟ್ಟಿಲ್ಲ.

ಶಿವಮೊಗ್ಗದಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ನನಗೆ ಎರಡೂ ಕೈ ಮುಂದೆ ಚಾಚಿ, ಬಸ್ ನಿಲ್ಲಿಸುವವರ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಅಂಗೈ ನಿಲ್ಲಲಿಲ್ಲ. ಗಾಳಿಗೆ ಬಾಳೆಲೆ ಬಗ್ಗಿ ಏಳುವ ಹಾಗೆ ಪಟ್ ಪಟ್ ಅಂತ ಬೀಳುತ್ತಿತ್ತು. "ಇವರಿಗೆ ಲಿವರ್ ತೊಂದರೆ ಇದೆಯಾ?" ಅಂತ ಅವರು ಕೇಳಿದ್ದು ಆಗಲೇ. ಇತ್ತು. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಅಂತ ಗೊತ್ತಾಗಿ ಎರಡು ವರ್ಷವಾಗಿತ್ತು. ಸ್ಟ್ರೋಕ್ ಅಲ್ಲ, ಶುಗರ್ ಬಿದ್ದದ್ದಲ್ಲ, ಒಳಗೆ ರಕ್ತ ಸೋರಿದ್ದೂ ಅಲ್ಲ ಅಂತ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮಾಡಿಸಿಯೇ ಅವರು ನಿರ್ಧಾರಕ್ಕೆ ಬಂದದ್ದು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಕರುಳಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಒಳ್ಳೆಯ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಹೌದು, ತೋಟಕ್ಕೆ ಹಾಕುವ ಅದೇ ಯೂರಿಯಾ. ಲಿವರ್ ಕೆಟ್ಟರೆ ಅಮೋನಿಯಾ ರಕ್ತದಲ್ಲೇ ಉಳಿದು ಮಿದುಳಿಗೆ ಹೋಗುತ್ತದೆ. ಹೊಟ್ಟೆ ಕಟ್ಟಿದರೆ ಇನ್ನೂ ಜಾಸ್ತಿ. ನಿದ್ದೆ ಮಾತ್ರೆ ಬೇರೆ ಸೇರಿತಲ್ಲ, ಕೇಳಬೇಕಾ. ಸಾಮಾನ್ಯವಾಗಿ ಮಂಪರು, ಗೊಂದಲ ಬರುತ್ತದೆ. ಕಣ್ಣು ಹೋಗುವುದು ಬಹಳ ಅಪರೂಪ. ನೋಟವನ್ನು ಅರ್ಥ ಮಾಡಿಕೊಳ್ಳುವ ಜಾಗ ಇರುವುದು ತಲೆಯ ಹಿಂಭಾಗದಲ್ಲಿ. ನನಗೆ ಏಟು ಬಿದ್ದದ್ದು ಅಲ್ಲಿಗೆ. ಕಾಣದಿದ್ದರೂ ಕಾಣುತ್ತಿದೆ ಅಂತ ವಾದ ಮಾಡಿದ್ದೂ ಅದರದ್ದೇ ಲಕ್ಷಣವಂತೆ. ಹೆಂಡತಿ ಮಾತ್ರ ಅದು ನನ್ನ ಹುಟ್ಟುಗುಣ ಅನ್ನುತ್ತಾಳೆ.

ಔಷಧಿ ಏನು ಗೊತ್ತಾ? ಲ್ಯಾಕ್ಟುಲೋಸ್ ಅಂತ ಒಂದು ಸಿರಪ್, ಜೋನಿ ಬೆಲ್ಲದ ಹಾಗೆ ಅಂಟು, ಸಿಹಿ. ಹೊಟ್ಟೆ ಕಳಿಸಿ ಅಮೋನಿಯಾ ಹೊರಗೆ ಹಾಕುವುದು ಅದರ ಕೆಲಸ. ಜೊತೆಗೆ ಎನಿಮಾ. ಹೀಗಾಗಿ ನನ್ನ ಕಣ್ಣು ಬಂದದ್ದು ಯಾವ ದಾರಿಯಲ್ಲಿ ಅಂತ ನೀವೇ ಯೋಚಿಸಿ. ಆ ಎರಡು ರಾತ್ರಿ ನನ್ನ ಬಟ್ಟೆ, ಹಾಸಿಗೆ ಎಷ್ಟು ಸಲ ಬದಲಾಯಿಸಿದರೋ ಆ ಆಯಾ. ಒಂದು ಸಲವೂ ಮುಖ ಸಿಂಡರಿಸಲಿಲ್ಲ ಅಂತ ಹೇಳೋಣ ಅಂದರೆ ನನಗೆ ಅವರ ಮುಖವೇ ಕಂಡಿಲ್ಲ. ಅವರ ದನಿ ಗೊತ್ತು, ಕೈ ಗೊತ್ತು. "ಆತು ಬಿಡಣ್ಣ, ಚಲೋ ಆತು" ಅನ್ನುತ್ತಿದ್ದರು. ನನಗೆ ನೋಟ ಬರುವ ಹೊತ್ತಿಗೆ ಅವರ ಪಾಳಿ ಮುಗಿದಿತ್ತು.

ನೋಟ ಒಮ್ಮೆಗೇ ಬರಲಿಲ್ಲ. ಮೊದಲು ಬೆಳಕು. ಆಮೇಲೆ ಮೇಲೆ ಏನೋ ಸುತ್ತುತ್ತಿದೆ ಅನ್ನಿಸಿತು. ಅದು ಫ್ಯಾನ್ ಅಂತ ತಿಳಿಯಲು ಹೊತ್ತು ಬೇಕಾಯಿತು. ಆಮೇಲೆ ಒಂದು ಹಸಿರು, ಹೆಂಡತಿಯ ಸೀರೆ. ಅದರ ಮೇಲೆ ಮುಖ ಮೂಡಿದ್ದು ಕೊನೆಗೆ.

ಇನ್ನೊಂದು ಮಾತು. "ಹಾಗಾದ್ರೆ ಕುಡೀತಿದ್ನಾ?" ಅಂತ ಊರಲ್ಲಿ ಗುಸುಗುಸು ಆಯಿತು. ನಾನು ಕುಡಿದವನಲ್ಲ. ಸಕ್ಕರೆ ಕಾಯಿಲೆ, ಬೊಜ್ಜು, ಕೊಬ್ಬು ಕೂತ ಲಿವರ್, ಅಷ್ಟೇ. ಆದರೆ ಕುಡಿದೇ ಬಂದಿದ್ದರೂ ಪಕ್ಕದ ಮನೆಯವನು ಗಾಡಿ ತೆಗೆಯುತ್ತಿದ್ದ ಅಂತ ನನಗೆ ಗೊತ್ತು. ನಾನು ಮಲಗಿದ್ದಾಗ ನನ್ನ ತೋಟಕ್ಕೂ ಎರಡನೇ ಸಲದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಕೊಳೆ ರೋಗದಿಂದ ಅಡಿಕೆ ಕೊನೆ ಉಳಿಸಿದ ಹುಡುಗರಿಗೆ ಥ್ಯಾಂಕ್ಸ್. ಕಾಮಾಲೆ ಬೇರು ತಂದಿದ್ದ ಅತ್ತೆಗೂ ಥ್ಯಾಂಕ್ಸ್, ಬೇಡ ಅಂದಾಗ ಸಿಟ್ಟಾಗದೆ ಬೇರು ವಾಪಸ್ ತಗೊಂಡು ಹೋದದ್ದಕ್ಕೆ. ಬೇಳೆ, ಮೊಸರು ಬಿಡಬೇಡಿ, ರಾತ್ರಿ ಖಾಲಿ ಹೊಟ್ಟೆಯಲ್ಲಿ ಮಲಗಬೇಡಿ ಅಂತ ಗದರಿದ ಡಯಟೀಶಿಯನ್ ಮೇಡಂಗೂ. ನಮ್ಮವರೆಲ್ಲ ನನ್ನನ್ನು ಬರೀ ಗಂಜಿಯಲ್ಲಿ ಇಡುವ ಯೋಚನೆಯಲ್ಲಿದ್ದರು.

ಲಿವರ್ ವಾಸಿಯಾಗಿಲ್ಲ. ಸಿರಪ್ ದಿನಾ ಇದೆ. ಆಸ್ಪತ್ರೆಯಲ್ಲಿ 1ರಿಂದ 25ರವರೆಗೆ ಚೆಲ್ಲಾಪಿಲ್ಲಿ ಬರೆದ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಸಾಲಾಗಿ ಸೇರಿಸುವ ಪರೀಕ್ಷೆ ಮಾಡಿಸುತ್ತಿದ್ದರು, ಮಂಪರು ಎಷ್ಟಿದೆ ನೋಡಲು. ಹೆಂಡತಿ ಅದನ್ನು ಕಲಿತುಕೊಂಡು ಬಂದಿದ್ದಾಳೆ. ಪ್ರತಿ ಸೋಮವಾರ ಹಳೇ ಕ್ಯಾಲೆಂಡರಿನ ಹಿಂದೆ ಅಂಕಿ ಬರೆದು, ಮೊಬೈಲಿನಲ್ಲಿ ಟೈಮ್ ಇಟ್ಟು ಎದುರು ಕೂರುತ್ತಾಳೆ. ಈ ಸೋಮವಾರ ಒಂದೂ ತಪ್ಪಿಲ್ಲ. ಬೈಕಿನ ಕೀ ಕೇಳಿದೆ. ಅದು ಇನ್ನೂ ಸಾಸಿವೆ ಡಬ್ಬಿಯಲ್ಲೇ ಇದೆ.