ಗೋಧಿ ತಳಿಯ ಇಳುವರಿಯ ಜೊತೆಗೆ ಪ್ರಯೋಗದ ಹೊಲದ ವಿವರವೂ ಬರಲಿ

ಮಾನ್ಯ ಸಂಪಾದಕರಿಗೆ,

ಹೊಸ ಗೋಧಿ ತಳಿಯೊಂದು ಬಿಡುಗಡೆಯಾದಾಗಲೆಲ್ಲ ಪತ್ರಿಕೆಯ ಸುದ್ದಿಯಲ್ಲಾಗಲಿ, ಬೀಜದ ಅಂಗಡಿಯ ಗೋಡೆಗೆ ಅಂಟಿಸಿದ ಕರಪತ್ರದಲ್ಲಾಗಲಿ ಮೊದಲು ಕಣ್ಣಿಗೆ ಬೀಳುವುದು ಅದರ ಇಳುವರಿಯ ಅಂಕಿ. ಆ ಇಳುವರಿ ಯಾವ ಮಣ್ಣಿನಲ್ಲಿ, ಯಾವ ವಾರ ಬಿತ್ತಿ, ಎಷ್ಟು ನೀರು ಹಾಯಿಸಿದ್ದಕ್ಕೆ ಬಂತು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನವಲಗುಂದ ತಾಲ್ಲೂಕಿನ ಎರೆ ಹೊಲದಲ್ಲಿ ಮೂವತ್ತು ವರ್ಷಗಳಿಂದ ಹಿಂಗಾರಿಗೆ ಗೋಧಿ ಬೆಳೆಯುತ್ತಿರುವ ನಾನು ಈ ಕೊರತೆಗೆ ದಂಡ ತೆತ್ತವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಎಕರೆಗೆ 18 ಕ್ವಿಂಟಲ್ ಎಂದು ಅಚ್ಚಾಗಿದ್ದ ಕರಪತ್ರವನ್ನು ನಂಬಿ, ಎರಡು ವರ್ಷದ ಹಿಂದೆ ನಾಲ್ಕು ಎಕರೆಗಾಗುವಷ್ಟು ಬೀಜ ತಂದಿದ್ದೆ. ಜೋಳ, ಕಡಲೆ ಬಿತ್ತಿ ಮುಗಿಸುವಷ್ಟರಲ್ಲಿ ನವೆಂಬರ್ ಮೂರನೆಯ ವಾರವಾಗಿತ್ತು. ಕಾಲುವೆ ನೀರು ಬರುತ್ತದೆಂದು ಕಾದದ್ದೇ ಬಂತು, ಆ ವರ್ಷ ಅದು ನಮ್ಮ ಹೊಲದ ತನಕ ಬರಲಿಲ್ಲ. ಕಾಳು ಕಟ್ಟುವ ಹೊತ್ತಿಗೆ ನೆಲದ ಹಸಿ ಆರಿ, ಬಿಸಿಲು ಏರಿ, ಎಕರೆಗೆ ಮೂರೂವರೆ ಕ್ವಿಂಟಲ್ ಸೊರಗಿದ ಕಾಳು ಕೈಗೆ ಬಂತು. ಅಕ್ಟೋಬರ್ ಕೊನೆಯಲ್ಲಿ ಹಳೆಯ ಬಿಜಗಾ ಯೆಲ್ಲೋ ಬಿತ್ತಿದ್ದ ಪಕ್ಕದ ಹೊಲದವರು ನನಗಿಂತ ಚೆನ್ನಾಗಿ ರಾಶಿ ಮಾಡಿದರು. ತಳಿಯನ್ನೇ ಬೈದುಕೊಂಡು ಓಡಾಡಿದೆ. ನಂತರ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದಾಗ ತಿಳಿದದ್ದೇನೆಂದರೆ, ಅದು ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬಿತ್ತಿ, ಐದಾರು ಸಲ ನೀರು ಕೊಡುವ ಹೊಲಕ್ಕೆಂದು ಪರೀಕ್ಷಿಸಿದ ತಳಿ. ತಪ್ಪು ತಳಿಯದಾಗಿರಲಿಲ್ಲ. ಕರಪತ್ರ ಸುಳ್ಳು ಹೇಳಿತ್ತೆನ್ನುವಂತೆಯೂ ಇರಲಿಲ್ಲ, ಅದು ಅರ್ಧ ಮಾತ್ರ ಹೇಳಿತ್ತು.

ಉಳಿದ ಅರ್ಧ ಎಲ್ಲೋ ಕಳೆದುಹೋಗಿದೆ ಎಂದಲ್ಲ, ಅದು ವಿಜ್ಞಾನಿಗಳ ವರದಿಯಲ್ಲಿ ಇದ್ದೇ ಇರುತ್ತದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ಸಮನ್ವಿತ ಗೋಧಿ ಯೋಜನೆಯು ದೇಶದ ಗೋಧಿ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲೂ ಸಕಾಲದ ನೀರಾವರಿ ಬಿತ್ತನೆ, ತಡವಾದ ಬಿತ್ತನೆ, ಮಿತ ನೀರು ಅಥವಾ ಮಳೆಯಾಶ್ರಯ ಎಂದು ಬೇರೆ ಬೇರೆ ಪ್ರಯೋಗಗಳನ್ನು ನಡೆಸುತ್ತ ಬಂದಿದೆ. ಹರಿಯಾಣದ ಕರ್ನಾಲ್‌ನಲ್ಲಿರುವ ಗೋಧಿ ಸಂಶೋಧನಾ ಸಂಸ್ಥೆ ಇದರ ಹೊಣೆ ಹೊತ್ತಿದ್ದು, ಕರ್ನಾಟಕ ಮತ್ತು ಮಹಾರಾಷ್ಟ್ರ ಸೇರಿರುವ ನಮ್ಮ ದಕ್ಷಿಣದ ವಲಯದಲ್ಲಿ ಧಾರವಾಡ, ಪುಣೆ, ನಿಫಾಡಗಳಂಥ ಕೇಂದ್ರಗಳು ಈ ಕೆಲಸ ಮಾಡುತ್ತವೆ. ತಳಿವಿಜ್ಞಾನಿ ಎಷ್ಟೋ ವರ್ಷ ಸಂಕರ ಮಾಡಿ, ಪೀಳಿಗೆಯಿಂದ ಪೀಳಿಗೆಗೆ ಆರಿಸಿ ತಂದ ಸಾಲು, ಅಂದರೆ ಇನ್ನೂ ಬಿಡುಗಡೆಯಾಗದ ತಳಿ, ಮೊದಲು ಆರಂಭಿಕ ಪ್ರಯೋಗಕ್ಕೆ ಬರುತ್ತದೆ. ಅಲ್ಲಿ ಗೆದ್ದರೆ ಮುಂದಿನ ಹಂತದ ಪ್ರಯೋಗದಲ್ಲಿ ಮತ್ತೆ ಬೇರೆ ಬೇರೆ ಊರುಗಳಲ್ಲಿ, ಈಗಾಗಲೇ ರೈತರ ಬಳಿ ಇರುವ ತಳಿಗಳ ಪಕ್ಕದಲ್ಲಿ ನಿಂತು ತೋರಿಸಬೇಕು. ಒಂದೇ ಹೊಲದಲ್ಲೂ ಮೇಲಿನ ಮಗ್ಗುಲಿನ ಮಣ್ಣು ಒಂದು ಥರ, ತಗ್ಗಿನ ಮಣ್ಣು ಇನ್ನೊಂದು ಥರ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೇ ಪ್ರತಿ ತಳಿಯನ್ನೂ ಹಲವು ತಾಕುಗಳಲ್ಲಿ, ಚೀಟಿ ಎತ್ತಿದಂತೆ ಜಾಗ ಹಂಚಿ ಬಿತ್ತುತ್ತಾರೆ. ಕೊನೆಗೆ ಲೆಕ್ಕ ಹಾಕಿ, ಎರಡು ತಳಿಗಳ ಇಳುವರಿಯ ವ್ಯತ್ಯಾಸ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ಅದನ್ನು ವ್ಯತ್ಯಾಸವೆಂದೇ ಎಣಿಸಬೇಡಿ ಎಂದು ಬರೆದಿಡುತ್ತಾರೆ. ಇಷ್ಟು ಎಚ್ಚರದಿಂದ ನಡೆದ ಕೆಲಸ ನಮ್ಮೂರಿಗೆ ತಲುಪುವಾಗ ಒಂದೇ ಒಂದು ಅಂಕಿಯಾಗಿ ಕುಗ್ಗಿಹೋಗಿರುತ್ತದೆ.

ನಮ್ಮ ವಲಯಕ್ಕೆ ಈ ವಿವರ ಪಂಜಾಬಿಗಿಂತ ಹೆಚ್ಚು ಬೇಕು. ಗೋಧಿ ಚಳಿಯ ಬೆಳೆ, ನಮ್ಮಲ್ಲಿ ಚಳಿ ಗಿಡ್ಡ. ಉತ್ತರದ ಬಯಲಿನಲ್ಲಿ ನಾಲ್ಕೂವರೆ ಐದು ತಿಂಗಳು ನಿಲ್ಲುವ ಬೆಳೆಯನ್ನು ಇಲ್ಲಿ ಮೂರೂವರೆ ತಿಂಗಳ ಆಸುಪಾಸಿನಲ್ಲಿ ಕೊಯ್ಯುತ್ತೇವೆ. ತೆಂಡೆ (ಬುಡದಿಂದ ಏಳುವ ಮರಿಕಾಂಡ) ಒಡೆಯಲು, ಕಾಳು ತುಂಬಲು ಸಿಗುವ ದಿನಗಳೇ ಕಡಿಮೆ. ಬಿತ್ತನೆ ಒಂದು ವಾರ ತಡವಾದರೂ ಕಾಳು ತುಂಬುವ ಕಾಲ ಫೆಬ್ರವರಿಯ ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ. 2022ರ ಮಾರ್ಚಿನ ಬಿಸಿಲಿಗೆ ಉತ್ತರ ಭಾರತದ ಗೋಧಿ ಸೊರಗಿ, ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಷೇಧಿಸಿದಾಗ ದೇಶವೆಲ್ಲ ಆ ವಿಷಯ ಮಾತಾಡಿತು. ನಮ್ಮ ಭಾಗದ ಗೋಧಿಗೆ ಅಂಥ ಬಿಸಿಲಿನ ಭಯ ವರ್ಷ ವರ್ಷವೂ ಇದ್ದದ್ದೇ.

ಇನ್ನು ಎಲೆ, ಕಾಂಡದ ಮೇಲೆ ತುಕ್ಕಿನ ಬಣ್ಣದ ಪುಡಿ ಏಳಿಸುವ ತುಕ್ಕು ರೋಗ. ಬಯಲಿನ ಬೇಸಿಗೆಯನ್ನು ತುಕ್ಕಿನ ಶಿಲೀಂಧ್ರ ತಾಳಲಾರದು, ಅದು ಬದುಕಿ ಉಳಿಯುವುದು ಬೆಟ್ಟದ ತಂಪಿನಲ್ಲಿ ಎಂದು ಆಗ್ರಾದ ಪ್ರೊಫೆಸರ್ ಕೆ.ಸಿ. ಮೆಹ್ತಾ ಸ್ವಾತಂತ್ರ್ಯಕ್ಕೆ ಮೊದಲೇ ತೋರಿಸಿಕೊಟ್ಟರು. ದಕ್ಷಿಣದಲ್ಲಿ ಆ ನೆಲೆ ನೀಲಗಿರಿ ಮತ್ತು ಪಳನಿ ಬೆಟ್ಟಗಳು. ಅಲ್ಲಿಂದ ಗಾಳಿಯಲ್ಲಿ ಹೊರಟ ಧೂಳಿನಂಥ ಬೀಜಕಣಗಳಿಗೆ ದಾರಿಯಲ್ಲಿ ಮೊದಲು ಸಿಗುವುದು ನಮ್ಮ ಹೊಲಗಳೇ. ಆದ್ದರಿಂದ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಸಂಶೋಧನಾ ಕೇಂದ್ರದಂಥ ಕಡೆ, ತುಕ್ಕು ತಾನಾಗಿ ಬರುವ ಜಾಗದಲ್ಲೇ, ಹೊಸ ಸಾಲುಗಳನ್ನು ಬೆಳೆದು ನೋಡುತ್ತಾರೆ. ಇಳುವರಿಯಲ್ಲಿ ಎಲ್ಲಕ್ಕಿಂತ ಮುಂದಿದ್ದರೂ ತುಕ್ಕಿಗೆ ಬಗ್ಗಿದ ಸಾಲನ್ನು ಅಲ್ಲಿಗೇ ಕೈಬಿಡಲಾಗುತ್ತದೆ. ಹೀಗೆ ಕೈಬಿಟ್ಟವುಗಳ ಕಥೆ ರೈತನಿಗೆ ತಿಳಿಯುವುದೇ ಇಲ್ಲ. ತಿಳಿದರೆ, ರೋಗ ಕಾಣದ ನಾಲ್ಕು ವರ್ಷ ಕಳೆದ ಮೇಲೆ ತುಕ್ಕಿಗೆ ಈಡಾಗುವ ಹಳೆಯ ಬೀಜವನ್ನೇ ಮತ್ತೆ ಬಿತ್ತುವ ಧೈರ್ಯಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ.

ಹಸಿರು ಕ್ರಾಂತಿಯ ನೆನಪೂ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ ಎಂದು ನನ್ನ ಅನಿಸಿಕೆ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ತರಿಸಿದ್ದು, ಅದರ ಹಿಂದೆ ವಿಜ್ಞಾನಿಗಳಾದ ಬೋರ್ಲಾಗ್ ಮತ್ತು ಸ್ವಾಮಿನಾಥನ್ ಅವರ ದುಡಿಮೆ ಇದ್ದದ್ದು ಎಲ್ಲರಿಗೂ ಗೊತ್ತು. ಆ ತಳಿಗಳು ಗೆದ್ದದ್ದು ಗೊಬ್ಬರ ಹಾಕಿದರೂ ನೆಲಕ್ಕೆ ಬೀಳದ ಗಿಡ್ಡ ಕಾಂಡದಿಂದ, ಮತ್ತು ಆ ಗೊಬ್ಬರವನ್ನು ಅರಗಿಸುವ ನೀರಿನಿಂದ. ನೀರಿಲ್ಲದ ಎರೆ ಹೊಲದಲ್ಲಿ ಗಿಡ್ಡ ಕಾಂಡದ ಲಾಭ ಅಷ್ಟಕ್ಕಷ್ಟೆ. ದೇಶದ ಸರಾಸರಿ ಇಂದು ಹೆಕ್ಟೇರಿಗೆ ಮೂರೂವರೆ ಟನ್ ಮುಟ್ಟಿದ್ದರೂ ನಮ್ಮ ರಾಜ್ಯದ್ದು ಒಂದು ಟನ್ನಿನ ಆಸುಪಾಸಿನಲ್ಲೇ ಇರುವುದಕ್ಕೆ ರೈತನ ಸೋಮಾರಿತನ ಕಾರಣವಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯ ನೀರಾವರಿಗೆ ಡಿಡಬ್ಲ್ಯುಆರ್ 162, ಯುಎಎಸ್ 304ರಂಥ ತಳಿಗಳನ್ನು ಕೊಟ್ಟಂತೆಯೇ ಕಡಿಮೆ ನೀರಿಗೆ ಯುಎಎಸ್ 446ರಂಥ ತಳಿಯನ್ನೂ ಕೊಟ್ಟಿದೆ. ಹುಗ್ಗಿಗೆ, ಮಾದಲಿಗೆ ಹೆಸರಾದ ಜವೆ ಗೋಧಿಯಲ್ಲೂ ಡಿಡಿಕೆ 1029ರಂಥ ತಳಿ ತಂದಿದೆ. (ಚಪಾತಿಯ ಗುಣಕ್ಕೆ ಅಂಕ ಕೊಡುವ ಪದ್ಧತಿಯಿದೆ, ಹುಗ್ಗಿಗೆ ಅಂಕ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.) ಯಾವ ತಳಿ ಯಾವ ಹೊಲದ್ದು ಎಂಬ ಅರಿವಿಲ್ಲದೆ, ದೊಡ್ಡ ಅಂಕಿ ಇರುವುದನ್ನೇ ಎಲ್ಲರೂ ಕೇಳುತ್ತಾರೆ, ಅಂಗಡಿಯವರೂ ಅದನ್ನೇ ತರಿಸುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ರೈತ ಸಂಪರ್ಕ ಕೇಂದ್ರಗಳಲ್ಲಿ, ಆಯಾ ವರ್ಷದ ಪ್ರಯೋಗಗಳ ಫಲಿತಾಂಶವನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಎಕರೆ ಮತ್ತು ಕ್ವಿಂಟಲ್ ಲೆಕ್ಕದಲ್ಲಿ ಅಂಟಿಸಲಿ. ಬಿತ್ತಿದ ತಾರೀಖು, ಕೊಟ್ಟ ನೀರು, ಹಾಕಿದ ಗೊಬ್ಬರ, ಪಕ್ಕದಲ್ಲಿ ಬಿತ್ತಿದ ಹಳೆಯ ತಳಿಯ ಇಳುವರಿ ಇವಿಷ್ಟೂ ಅದರಲ್ಲಿರಲಿ. ರೈತರ ಹೊಲದಲ್ಲಿ ನಡೆಸುವ ಪ್ರಾತ್ಯಕ್ಷಿಕೆಗಳಿಗೂ ರಸ್ತೆ ಪಕ್ಕದ, ಕೊಳವೆಬಾವಿಯಿರುವ ಹೊಲವನ್ನೇ ಆರಿಸುವುದನ್ನು ಬಿಟ್ಟು, ಕಾಲುವೆಯ ಕೊನೆಯ ಹೊಲ, ನೀರೇ ಇಲ್ಲದ ಹೊಲ, ಜೋಳದ ಬಿತ್ತನೆ ಮುಗಿದ ಮೇಲೆ ತಡವಾಗಿ ಬಿತ್ತುವ ಹೊಲಗಳನ್ನೂ ಸೇರಿಸಲಿ. ಅಲ್ಲಿ ಹೊಸ ತಳಿ ಸೋತರೆ ಸೋತಿತೆಂದೇ ಬರೆಯಲಿ. ಮುಂದಿನ ಹಿಂಗಾರಿಗೆ ಬೀಜ ಕೊಳ್ಳುವುದು ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ. ಅದಕ್ಕೆ ಮೊದಲು ಧಾರವಾಡದ ಕೃಷಿ ಮೇಳದಲ್ಲಿ ಆ ಹಾಳೆ ಕೈಗೆ ಸಿಕ್ಕರೆ ನಾನೂ ಒಂದು ಪ್ರತಿ ತಂದುಕೊಂಡು, ಈ ಸಲ ಬೀಜದ ಚೀಲ ಎತ್ತುವ ಮೊದಲು ಓದುತ್ತೇನೆ.

ತಮ್ಮ ವಿಶ್ವಾಸಿ,
ಗೋಧಿ ಬೆಳೆಗಾರ, ನವಲಗುಂದ ತಾಲ್ಲೂಕು, ಧಾರವಾಡ ಜಿಲ್ಲೆ